ಕ್ಯಾಮೆರಾ ಚೀಲಕ್ಕೆ ವಿಮೆ ಮಾಡಿಸಿದ್ದು: ನನ್ನ ಅನುಭವ

ಶಿರಸಿ ಸುತ್ತಮುತ್ತಲಿನ ಮದುವೆ, ಉಪನಯನ, ಯಕ್ಷಗಾನ ಪ್ರದರ್ಶನಗಳ ಛಾಯಾಗ್ರಹಣವೇ ನನ್ನ ಜೀವನೋಪಾಯ. 2018ರಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕರೊಬ್ಬರು ಕಲ್ಯಾಣ ಮಂಟಪದ ವೇದಿಕೆಯ ಹಿಂದೆ ಚೀಲವಿಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಚೀಲ ಅಲ್ಲಿರಲಿಲ್ಲ. ಮುಂದಿನ ಎರಡು ವರ್ಷ ಅವರು ಬಾಡಿಗೆ ಕ್ಯಾಮೆರಾದಲ್ಲಿ ದುಡಿದು, ಕಳೆದುಹೋದ ಕ್ಯಾಮೆರಾದ ಬ್ಯಾಂಕ್ ಕಂತು ಕಟ್ಟಿದರು. ಅದನ್ನು ಹತ್ತಿರದಿಂದ ಕಂಡ ಮೇಲೆ ಒಂದು ರಾತ್ರಿ ನನ್ನ ಚೀಲವನ್ನು ಚಾಪೆಯ ಮೇಲೆ ಬಿಚ್ಚಿ ಹರಡಿ, ಒಂದೊಂದರ ಬೆಲೆ ಬರೆದು ಕೂಡಿಸಿದೆ. ಮೊತ್ತ 6 ಲಕ್ಷ ರೂಪಾಯಿ ಮುಟ್ಟಿತು. ನನ್ನ ಹಳೆಯ ಓಮ್ನಿಗೆ ಪ್ರತಿ ವರ್ಷ ತಪ್ಪದೆ ವಿಮೆ ಕಟ್ಟುತ್ತಿದ್ದೆ. ಅದರ ಹಿಂದಿನ ಸೀಟಿನಲ್ಲಿ ಬರುತ್ತಿದ್ದ, ಅದರ ಎಷ್ಟೋ ಪಟ್ಟು ಬೆಲೆಯ ಚೀಲಕ್ಕೆ ಏನೂ ಇರಲಿಲ್ಲ.

ಅಂಗಡಿಯವರು ಕೊಟ್ಟ ವಾರಂಟಿ ಇದೆಯಲ್ಲ ಎಂದು ಅಲ್ಲಿಯವರೆಗೆ ಸಮಾಧಾನ ಮಾಡಿಕೊಂಡಿದ್ದೆ. ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದರೆ, ಒದ್ದೆಯಾದರೆ, ಕಳುವಾದರೆ ಅದರಿಂದ ಪ್ರಯೋಜನವಿಲ್ಲ. ಮನೆಯ ವಿಮೆಯೊಳಗೇ ಕ್ಯಾಮೆರಾವನ್ನೂ ಸೇರಿಸಿಬಿಟ್ಟರೆ ಕಡಿಮೆ ಹಣದಲ್ಲಿ ಮುಗಿಯುತ್ತದೆ ಎಂದು ಏಜೆಂಟರೊಬ್ಬರು ಸಲಹೆ ಕೊಟ್ಟರು. ಅದಕ್ಕೆ ನಾನು ಒಪ್ಪಲಿಲ್ಲ. ಹವ್ಯಾಸಕ್ಕೆಂದು ಬರೆಸಿದ ಕ್ಯಾಮೆರಾ ಮದುವೆ ಮನೆಯಲ್ಲಿ ಒಡೆದರೆ, ಉಪಯೋಗದ ಬಗ್ಗೆ ಸುಳ್ಳು ಹೇಳಿದ್ದೇ ಹಣ ನಿರಾಕರಿಸಲು ಕಾರಣವಾಗುತ್ತದೆ. ಆದ್ದರಿಂದ ಅರ್ಜಿಯಲ್ಲಿ 'ವೃತ್ತಿಗಾಗಿ, ಹೊರಾಂಗಣದಲ್ಲೂ' ಎಂದು ಸ್ಪಷ್ಟವಾಗಿ ಬರೆದು, ಸಾಮಾನ್ಯ ವಿಮಾ ಕಂಪನಿಯೊಂದರಲ್ಲಿ ಆಲ್ ರಿಸ್ಕ್ ಪಾಲಿಸಿ, ಅಂದರೆ ಹೊರಗಿಟ್ಟವುಗಳನ್ನು ಬಿಟ್ಟು ಉಳಿದ ಆಕಸ್ಮಿಕ ನಷ್ಟಗಳಿಗೆಲ್ಲ ಅನ್ವಯಿಸುವ ವಿಮೆ, ಮಾಡಿಸಿದೆ. 6 ಲಕ್ಷದ ಮೊತ್ತಕ್ಕೆ ಪ್ರೀಮಿಯಂ 10,500 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 12,390 ರೂಪಾಯಿ ಆಯಿತು. ಒಂದು ಸಣ್ಣ ಮದುವೆಯ ಒಂದು ದಿನದ ಕೆಲಸದ ಹಣ ಅದು.

ಅರ್ಜಿಯೊಂದಿಗೆ ಕೊಡುವ ಪಟ್ಟಿಗೆ ನಾನು ಎರಡು ದಿನ ತೆಗೆದುಕೊಂಡೆ, ಆ ಎರಡು ದಿನ ಸಾರ್ಥಕವಾದವು ಎಂದೇ ಇಂದಿಗೂ ನಂಬಿದ್ದೇನೆ. ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಲೆನ್ಸ್, ಫ್ಲ್ಯಾಶ್ ಪ್ರತಿಯೊಂದರ ಹೆಸರು, ಸೀರಿಯಲ್ ನಂಬರು, ಕೊಂಡ ದಿನ, ಬಿಲ್ಲಿನ ಮೊತ್ತ ಬರೆದು, ಬಿಲ್ಲನ್ನೂ ಸೀರಿಯಲ್ ನಂಬರು ಕಾಣುವಂತೆ ತೆಗೆದ ಫೋಟೋವನ್ನೂ ಲಗತ್ತಿಸಿದೆ. ಲೆನ್ಸಿನ ನಂಬರು ಮೌಂಟಿನ, ಅಂದರೆ ಲೆನ್ಸ್ ಬಾಡಿಗೆ ಕೂಡುವ ಭಾಗದ ಹತ್ತಿರ ತೀರ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಟಾರ್ಚ್ ಓರೆಯಾಗಿ ಹಿಡಿದರೆ ಮಾತ್ರ ಓದಲು ಬರುತ್ತದೆ. ಗೆಳೆಯರಿಂದ ಬಿಲ್ಲಿಲ್ಲದೆ ಕೊಂಡಿದ್ದ ಒಂದು ಹಳೆಯ ಬಾಡಿಯನ್ನು ಕಂಪನಿಯವರು ಪಟ್ಟಿಯಿಂದ ತೆಗೆದುಹಾಕಿದರು. ಬಿಲ್ಲು ಕಳೆದುಕೊಳ್ಳುವುದೆಂದರೆ ಅರ್ಧ ಕ್ಯಾಮೆರಾ ಕಳೆದುಕೊಂಡಂತೆ ಎಂದು ಆಗ ತಿಳಿಯಿತು.

ಪಾಲಿಸಿಯ ಹೆಸರಿನಲ್ಲಿ 'ಎಲ್ಲ ಅಪಾಯ' ಎಂದಿದ್ದರೂ ಅದರೊಳಗೆ ಹೊರಗಿಟ್ಟ ವಿಷಯಗಳ ಪಟ್ಟಿಯೇ ಎರಡು ಪುಟ ಇತ್ತು. ಬಳಕೆಯಿಂದಾಗುವ ಸವೆತ, ತಾನಾಗಿ ಕೆಟ್ಟ ಯಂತ್ರಭಾಗ, ನಿಧಾನವಾಗಿ ಆಗುವ ಹಾನಿ, ಹೇಗೆ ಕಾಣೆಯಾಯಿತೆಂದೇ ಹೇಳಲಾಗದ ನಷ್ಟ, ಬೀಗ ಹಾಕದೆ ಬಿಟ್ಟ ವಾಹನದಿಂದಾದ ಕಳವು ಯಾವುದಕ್ಕೂ ಹಣವಿಲ್ಲ. ಮಲೆನಾಡಿನವರಿಗೆ ಇದರಲ್ಲಿ ಮುಖ್ಯವಾದದ್ದು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಗಾಜಿನೊಳಗೆ ಜೇಡನ ಬಲೆಯಂತೆ ಹರಡುವ ಫಂಗಸ್ ನಿಧಾನ ಹಾನಿಯ ಲೆಕ್ಕಕ್ಕೆ ಸೇರುತ್ತದೆ. ನನ್ನ ಒಂದು ಲೆನ್ಸಿಗೆ ಹಾಗಾದಾಗ ಕಂಪನಿ ಕೊಡುವುದಿಲ್ಲ ಎಂದಿತು, ಅದು ಸರಿಯಾದ ಉತ್ತರವೇ. ಅದಕ್ಕೆ ಮದ್ದು ವಿಮೆಯಲ್ಲ, ತೇವಾಂಶವನ್ನು ಶೇ. 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್. ನಾನು ಅದನ್ನೇ ಕೊಂಡೆ.

2022ರ ಮೇ ತಿಂಗಳಲ್ಲಿ ಧಾರೆಯ ಹೊತ್ತಿಗೆ, ಜನಸಂದಣಿಯಲ್ಲಿ ಯಾರದೋ ಕಾಲು ಟ್ರೈಪಾಡಿಗೆ ತಗುಲಿ 70-200 ಲೆನ್ಸ್ ಸಿಮೆಂಟು ನೆಲಕ್ಕೆ ಬಿತ್ತು. ಗಾಜು ಒಡೆದಿರಲಿಲ್ಲ, ಆದರೆ ಮೌಂಟ್ ಸೊಟ್ಟಗಾಗಿ ಲೆನ್ಸ್ ಬಾಡಿಯಿಂದ ಬಿಚ್ಚಿ ಬರಲೇ ಇಲ್ಲ. ನನ್ನ ಸಹಾಯಕ ಹುಡುಗ, 'ಅಣ್ಣ, ಸ್ವಲ್ಪ ಜೋರಾಗಿ ತಿರುಗಿಸಲಾ?' ಎಂದು ಕೈ ಹಾಕಿದ, ನಾನು ತಡೆದೆ. ಬಿದ್ದ ಸ್ಥಿತಿಯಲ್ಲೇ ನಾಲ್ಕು ಕಡೆಯಿಂದ ಫೋಟೋ ತೆಗೆದು, ಎರಡನೇ ಬಾಡಿಯಲ್ಲಿ ಕೆಲಸ ಮುಗಿಸಿ, ಅದೇ ಸಂಜೆ ಕಂಪನಿಗೆ ಫೋನಿನಲ್ಲೂ ಇಮೇಲಿನಲ್ಲೂ ತಿಳಿಸಿದೆ. ಹಾನಿಯನ್ನು ಅಂದಾಜು ಮಾಡಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ಮೊದಲು ರಿಪೇರಿಗೆ ಬಿಚ್ಚಿಸಿದ್ದರೆ ಹಾನಿ ಹೇಗಾಯಿತೆಂದು ತೋರಿಸಲು ನನ್ನಲ್ಲಿ ಏನೂ ಉಳಿಯುತ್ತಿರಲಿಲ್ಲ. ಬೆಂಗಳೂರಿನ ಅಧಿಕೃತ ಸರ್ವಿಸ್ ಸೆಂಟರಿನವರು 45,000 ರೂಪಾಯಿ ಅಂದಾಜು ಕೊಟ್ಟರು.

ಕೈಗೆ ಬಂದದ್ದು 33,500. ಕಾರಣ ನನ್ನದೇ ತಪ್ಪು, ಅದನ್ನು ಬಿಡಿಸಿ ಹೇಳಬೇಕು. ಆ ಲೆನ್ಸನ್ನು ಹಳೆಯ ಬಿಲ್ಲಿನ ಬೆಲೆಯಾದ 1,60,000ಕ್ಕೇ ವರ್ಷ ವರ್ಷವೂ ನವೀಕರಿಸುತ್ತಿದ್ದೆ. ಅಷ್ಟರಲ್ಲಿ ಹೊಸದರ ಬೆಲೆ 2,00,000 ಆಗಿತ್ತು. 'ಸರ್, ಐದು ಪಾಲಿನಲ್ಲಿ ನಾಲ್ಕು ಪಾಲಿಗೆ ಮಾತ್ರ ನೀವು ವಿಮೆ ಕಟ್ಟಿದ್ದೀರಿ, ಉಳಿದ ಒಂದು ಪಾಲಿನ ಹೊಣೆ ನಿಮ್ಮದೇ ಆಗುತ್ತದೆ' ಎಂದು ಸರ್ವೇಯರ್ ತಾಳ್ಮೆಯಿಂದ ವಿವರಿಸಿದರು. ಹಾಗಾಗಿ 45,000ದಲ್ಲಿ ಐದನೇ ಒಂದು ಪಾಲು ಕಳೆದು 36,000, ಅದರಲ್ಲಿ ಪ್ರತಿ ಕ್ಲೇಮಿಗೂ ನಾವೇ ಭರಿಸಬೇಕಾದ ಎಕ್ಸೆಸ್ 2,500 ಕಳೆದು ಉಳಿದದ್ದು ಅಷ್ಟು. ಲೆನ್ಸ್ ಪೂರ್ತಿ ಹೋದರೆ ಮಾತ್ರ ಮೊತ್ತ ಲೆಕ್ಕಕ್ಕೆ ಬರುತ್ತದೆ, ಸಣ್ಣ ರಿಪೇರಿಗೆ ಇದು ಅನ್ವಯಿಸುವುದಿಲ್ಲ ಎಂದು ನಾನು ಭಾವಿಸಿದ್ದೆ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿ ವರ್ಷಕ್ಕೆ ಕೆಲವು ನೂರು ರೂಪಾಯಿ ಉಳಿಸಿ, ಒಂದೇ ಸಲಕ್ಕೆ 9,000 ಕಳೆದುಕೊಂಡೆ.

ಕಳವಿನ ವಿಷಯ ಬೇರೆ. ಕಳೆದುಹೋದ ವಸ್ತುವಿನ ಬಗ್ಗೆ ಕರ್ನಾಟಕ ಪೊಲೀಸರ ಆನ್‌ಲೈನ್ ದೂರು ಸೇವೆಯಾದ ಇ-ಲಾಸ್ಟ್‌ನಲ್ಲಿ ಸಿಗುವ ಸ್ವೀಕೃತಿ ಎಫ್‌ಐಆರ್‌ಗೆ ಸಮನಲ್ಲ. ಕಳುವಾಗಿದ್ದರೆ ಠಾಣೆಗೆ ಹೋಗಿ, ಸೀರಿಯಲ್ ನಂಬರುಗಳನ್ನು ಬರೆಸಿ ಎಫ್‌ಐಆರ್ ಮಾಡಿಸಬೇಕು. ವಸ್ತು ಪತ್ತೆಯಾಗಲಿಲ್ಲ ಎಂದು ಪೊಲೀಸರು ಕೊಡುವ ಸಿ ರಿಪೋರ್ಟನ್ನೂ ಕಂಪನಿ ಕೇಳುತ್ತದೆ, ಅದು ಬರಲು ತಿಂಗಳುಗಳೇ ಹಿಡಿಯಬಹುದು. ಮೊದಲು ಹೇಳಿದ ನನ್ನ ಜೊತೆಗಾರರು ನಂತರ ವಿಮೆ ಮಾಡಿಸಿಕೊಂಡರು, ಆಗ ಅವರಿಗೆ ಸೀರಿಯಲ್ ನಂಬರುಗಳಿರುವ ಸಾಮಾನುಗಳ ಪಟ್ಟಿ ತಯಾರಿಸಿಕೊಟ್ಟದ್ದು ನಾನೇ. ಕಂಪನಿ ಅನ್ಯಾಯವಾಗಿ ನಿರಾಕರಿಸಿದೆ ಎನಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಒಂದು ವರ್ಷದೊಳಗೆ ವಿಮೆಯ ತಕರಾರುಗಳನ್ನು ಬಗೆಹರಿಸುವ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ನನ್ನಂತೆ ಒಬ್ಬರೇ ಉದ್ಯಮ ನಡೆಸುವವರಿಗೂ ಅಲ್ಲಿ ಅವಕಾಶವಿದೆ.

ಈಗ ಪ್ರತಿ ವರ್ಷ ಪಾಲಿಸಿ ನವೀಕರಿಸುವ ಮೊದಲು ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡಿ ನನ್ನಲ್ಲಿರುವ ಒಂದೊಂದು ಸಾಮಾನಿನ ಅಂದಿನ ಬೆಲೆ ಕೇಳಿ, ಪಟ್ಟಿಯ ಕೊನೆಯ ಸಾಲನ್ನು ತಿದ್ದುತ್ತೇನೆ. ಕಳೆದ ಸಲ ಮೊತ್ತ 7,40,000ಕ್ಕೆ ಏರಿತು, ಅಷ್ಟಕ್ಕೇ ಪ್ರೀಮಿಯಂ ಕಟ್ಟಿದೆ.