ಅಜ್ಜಿಯ ಪೆಟ್ಟಿಗೆಯಲ್ಲಿ ಮೊಮ್ಮಗಳ ಜುಮಕಿ

ಶಿರಸಿ, ಕುಮಟಾ, ಹೊನ್ನಾವರದ ಕಡೆಯ ಹಳೆಯ ಮನೆಗಳ ಅಟ್ಟ ಹುಡುಕಿದರೆ ಸಾಗವಾನಿಯದೋ ಬೀಟೆಯದೋ ಒಡವೆ ಪೆಟ್ಟಿಗೆಯೊಂದು ಇಂದಿಗೂ ಸಿಗುವುದುಂಟು. ಅದೃಷ್ಟವಿದ್ದರೆ ಗುಡಿಗಾರರು ಕೆತ್ತಿದ ಶ್ರೀಗಂಧದ್ದೂ ಸಿಕ್ಕೀತು. ಅದನ್ನು ಕೆಳಗಿಳಿಸಿದ ಕೂಡಲೇ ಮರಳು ಕಾಗದದಿಂದ ಉಜ್ಜಿಸಿ ವಾರ್ನಿಶ್ ಬಳಿಸುವವರೇ ಹೆಚ್ಚು. ತಲೆಮಾರುಗಳ ಕೈ ಸವರಿ ಕೂಡಿಸಿದ ಹೊಳಪು ಒಮ್ಮೆ ಉಜ್ಜಿಹೋದರೆ ಮರಳಿ ಬರುವುದಿಲ್ಲ.

ಹೊಳಪು ಕೆಡದಂತೆ ಪೆಟ್ಟಿಗೆಯನ್ನು ಶುಚಿಮಾಡಿ ಮತ್ತೆ ಬಳಕೆಗೆ ತರುವ ಕೆಲಸಕ್ಕೆ ದೀಪಾವಳಿಯ ನಂತರದ ಒಣ ದಿನಗಳೇ ಸರಿ. ಮೊದಲು ಪೆಟ್ಟಿಗೆಯನ್ನು ಕಪ್ಪು ಕಾಗದದ ಮೇಲೆ ಒಂದು ವಾರ ಅಲುಗಿಸದೆ ಇಡಬೇಕು. ಸಣ್ಣ ತೂತುಗಳು ಕಂಡ ಮಾತ್ರಕ್ಕೆ ಹೆದರಬೇಕಿಲ್ಲ, ಅವು ಎಂದೋ ಹಾರಿಹೋದ ಹುಳುಗಳದ್ದಿರಬಹುದು. ಆದರೆ ಕಾಗದದ ಮೇಲೆ ಗೋಧಿ ಹಿಟ್ಟಿನಂಥ ಹೊಸ ಹುಡಿ ಉದುರಿದ್ದರೆ ಒಳಗೆ ಹುಳು ಇನ್ನೂ ಬದುಕಿದೆ ಎಂದೇ ಅರ್ಥ. ಅಂಥ ಚಿಕ್ಕ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಚೀಲವನ್ನು ಪೂರ್ತಿ ಒಂದು ದಿನ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಮರದ ಮೇಲೆ ನೀರು ಕೂರುತ್ತದೆ. ಅರಗಿನ ಬಣ್ಣ ಅಥವಾ ಬೇರೆ ವಸ್ತುವಿನ ತುಂಡು ಕೂರಿಸಿದ ಕುಂದಣ ಕೆಲಸವಿರುವ ಪೆಟ್ಟಿಗೆಗೆ ಈ ಉಪಾಯ ಬೇಡ.

ಕೆತ್ತನೆಯ ಸಂದಿಯ ದೂಳನ್ನು ಮೆತ್ತನೆಯ ಕುಂಚದಿಂದ ತೆಗೆದು, ಹಿಂಡಿದ ಹತ್ತಿ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಬೇಕು; ಬಿಸಿಲಿಗಿಟ್ಟರೆ ಮರ ಬೇಗನೆ ಕುಗ್ಗಿ ಬೆಸುಗೆಗಳು ಬಾಯಿಬಿಡುತ್ತವೆ. ಹಿತ್ತಾಳೆಯ ಚಿಲಕ, ಬಿಜಾಗರಿಗಳಿಗೆ ನಮ್ಮ ಮನೆಗಳಲ್ಲಿ ಹುಣಸೆಯನ್ನೋ ಬಿಂಬಳಿಯನ್ನೋ ತಿಕ್ಕುವ ರೂಢಿಯಿದೆ. ನಾನೂ ಹಾಗೆ ಮಾಡಿ, ಹುಳಿ ಮರಕ್ಕಿಳಿದು ಕಬ್ಬಿಣದ ಮೊಳೆಯ ಸುತ್ತ ಮೂಡಿದ ಶಾಯಿಯಂಥ ಕರಿ ಕಲೆಯನ್ನು ಇಂದಿಗೂ ನೋಡುತ್ತಿದ್ದೇನೆ. ಒಣ ಬಟ್ಟೆಯ ಒರೆಸಾಟ ಸಾಕು.

ಹೊಳಪಿಗೆ ಜೇನುಮೇಣವೇ ಲೇಸು. ಒಂದು ಪಾಲು ಮೇಣವನ್ನು ತುರಿದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಒಲೆಯಿಂದ ದೂರ ಬಂದ ಮೇಲೆಯೇ ಮೂರು ಪಾಲು ಟರ್ಪೆಂಟೈನ್ ಬೆರೆಸಬೇಕು, ಏಕೆಂದರೆ ಅದು ಥಟ್ಟನೆ ಹೊತ್ತಿಕೊಳ್ಳುತ್ತದೆ. ಆರಿ ಗಟ್ಟಿಯಾದ ಮೇಣವನ್ನು ತೆಳ್ಳಗೆ ಸವರಿ, ಅರ್ಧ ಗಂಟೆಯ ನಂತರ ಉಜ್ಜಿದರಾಯಿತು. ಶ್ರೀಗಂಧಕ್ಕೆ ಮಾತ್ರ ಏನನ್ನೂ ಹಚ್ಚಬಾರದು. ಮೇಣ ಅದರ ಪರಿಮಳವನ್ನು ಮುಚ್ಚಿಬಿಡುತ್ತದೆ.

ಒಳಗೆ ಹಾಸಲು ಒಗೆದು ಗಂಜಿ ತೆಗೆದ ಹತ್ತಿ ಬಟ್ಟೆ ಸಾಕು, ಅದನ್ನು ಅಂಟಿಸಬೇಕಾಗಿಯೂ ಇಲ್ಲ. ಉಣ್ಣೆಯಲ್ಲಿ ಗಂಧಕದ ಅಂಶವಿರುವುದರಿಂದ ಬೆಳ್ಳಿ ಕಪ್ಪಾಗುತ್ತದೆ, ರಬ್ಬರ್ ಬ್ಯಾಂಡಿನದೂ ಅದೇ ತಕರಾರು. ಮರದಿಂದ ಹೊಮ್ಮುವ ಆಮ್ಲದ ಆವಿ ಮುತ್ತು, ಕವಡೆಗಳ ಹೊಳಪನ್ನು ಕೆಡಿಸುವುದರಿಂದ ಅವುಗಳಿಗೆ ಬೇರೆಯೇ ಜಾಗ ಒಳ್ಳೆಯದು. ಪ್ಲಾಸ್ಟಿಕ್ ಬಳೆ, ಕ್ಲಿಪ್ಪುಗಳಿದ್ದಲ್ಲಿ ನುಸಿಗುಳಿಗೆಯೂ ಬೇಡ.

ಮಗಳಿಗೆಂದು ವಿದೇಶಕ್ಕೆ ಒಯ್ಯುವ ಯೋಚನೆಯಿದ್ದರೆ ಪೆಟ್ಟಿಗೆಯ ವಯಸ್ಸನ್ನು ಮೊದಲು ವಿಚಾರಿಸಿಕೊಳ್ಳಿ: 1972ರ ಪುರಾತನ ವಸ್ತು ಹಾಗೂ ಕಲಾ ಸಂಪತ್ತಿನ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾಕೃತಿಗಳು ಪುರಾತನ ವಸ್ತುಗಳಾಗಿದ್ದು, ಅವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ.

ಕಾರವಾರದಂಥ ಕಡಲ ಊರಿನಲ್ಲಿ ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಮುಂದಿಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣವೊಂದಿರಲಿ, ಮಳೆಗಾಲ ಮುಗಿದ ಮೇಲೆ ಕಪ್ಪು ಕಾಗದದ ಪರೀಕ್ಷೆ ಇನ್ನೊಮ್ಮೆ ನಡೆಯಲಿ.