ಪದರ ಪದರದ ಸಿಹಿ, ಹಿಂದಿನ ರಾತ್ರಿಯೇ ಕಪ್‌ನಲ್ಲಿ

ನಾಮಕರಣ, ಸೀಮಂತ, ಗೃಹಪ್ರವೇಶ ಯಾವುದೇ ಇರಲಿ, ಆ ದಿನ ಬೆಳಿಗ್ಗೆ ಒಲೆ ಮುಂದೆ ನಿಂತು ಸಿಹಿ ಮಾಡುತ್ತೇನೆ ಅನ್ನುವ ಆಸೆ ಬಿಟ್ಟುಬಿಡಿ. ಪುರೋಹಿತರು ಒಂದು ಕಡೆ ಕರೆಯುತ್ತಾರೆ, ನೆಂಟರು ಇನ್ನೊಂದು ಕಡೆ, ಎಲ್ಲರಿಗೂ ಕಾಫಿ ಕೊಟ್ಟು ಮುಗಿಸುವಷ್ಟರಲ್ಲಿ ಹನ್ನೊಂದು ಗಂಟೆ. ಅದಕ್ಕೇ ಈಗಿನ ಹೆಣ್ಣುಮಕ್ಕಳು ಮಾಡುವ ಈ ಪುಟ್ಟ ಪುಟ್ಟ ಕಪ್‌ಗಳ ಸಿಹಿ ನನಗೆ ಬಹಳ ಹಿಡಿಸಿದೆ. ಕೆಳಗೊಂದು ಪದರ, ನಡುವೆ ಒಂದು, ಮೇಲೊಂದು. ಒಬ್ಬೊಬ್ಬರಿಗೆ ಒಂದೊಂದು ಕಪ್. ಬಡಿಸುವ ರಗಳೆಯೇ ಇಲ್ಲ, ತಟ್ಟೆಯಲ್ಲಿ ಜೋಡಿಸಿ ಎತ್ತಿಕೊಂಡು ಹೋದರೆ ಆಯಿತು. ಆದರೆ ಎಲ್ಲವನ್ನೂ ಒಟ್ಟಿಗೆ ತುಂಬಿ ಫ್ರಿಜ್ಜಿಗೆ ತಳ್ಳಿಬಿಟ್ಟರೆ ಬೆಳಿಗ್ಗೆ ನೋಡುವ ಹಾಗಿರುವುದಿಲ್ಲ. ಒಂದು ರಾತ್ರಿ ಕಳೆದರೆ ರುಚಿ ಏರುವ ಪದಾರ್ಥ ಬೇರೆ, ಕೆಡುವ ಪದಾರ್ಥ ಬೇರೆ. ಯಾವುದು ಯಾವುದು ಅಂತ ತಿಳಿದುಕೊಂಡು ಆಮೇಲೆ ಕಪ್ ಕೊಳ್ಳಲು ಹೋಗಿ.

ಕಪ್ ಅಂದೆ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಮುಚ್ಚಳ ಇರುವುದನ್ನೇ ತೆಗೆದುಕೊಳ್ಳಿ. 120 ಮಿಲಿ ಹಿಡಿಯುವುದು ಸಾಕು, ಹೋಳಿಗೆ ಊಟ ಮಾಡಿದವರಿಗೆ ಅದಕ್ಕಿಂತ ಜಾಸ್ತಿ ಇಳಿಯುವುದಿಲ್ಲ. ಒಂದು ಪದರಕ್ಕೆ ಎರಡು ದೊಡ್ಡ ಚಮಚ, ಅಂದರೆ 30 ಮಿಲಿ. ಮೂರು ಪದರ ಹಾಕಿದರೂ ಮೇಲೆ ಉದುರಿಸುವುದಕ್ಕೆ ಜಾಗ ಉಳಿಯುತ್ತದೆ. 30 ಜನಕ್ಕೆ ಒಂದೊಂದು ಪದರದ ಪದಾರ್ಥವೂ ಹೆಚ್ಚು ಕಡಿಮೆ ಒಂದು ಲೀಟರ್ ಬೇಕು. ಈ ಲೆಕ್ಕ ಇಟ್ಟುಕೊಂಡರೆ ಎಷ್ಟು ಜನ ಬಂದರೂ ಗಾಬರಿ ಬೀಳಬೇಕಿಲ್ಲ.

ನಮ್ಮ ಕೋಲಾರದ ಕಡೆ ಮೇ, ಜೂನ್‌ನಲ್ಲಿ ಕಾರ್ಯ ಇಟ್ಟುಕೊಂಡರೆ ಬೇರೆ ಹಣ್ಣು ಯೋಚಿಸುವುದೇ ಬೇಡ, ಶ್ರೀನಿವಾಸಪುರದ ಮಾವಿದೆಯಲ್ಲ. ಆದರೆ ಹಣ್ಣು ನೋಡಿ ತನ್ನಿ. ಸೀಕರಣೆಗೆ ರಸಪುರಿಯಂಥ ಹಣ್ಣಿಲ್ಲ, ನಿಜ, ಆದರೆ ಅದರಲ್ಲಿ ರಸ ಜಾಸ್ತಿ, ಪದರ ನಿಲ್ಲುವುದಿಲ್ಲ. ಪದರಕ್ಕೆ ಬಾದಾಮಿ ಹಣ್ಣೇ ಸರಿ, ತಿರುಳು ಗಟ್ಟಿ, ಬಣ್ಣವೂ ಚೆನ್ನ. ಹೋಳು ಮಾಡಿ ಮೇಲಿಡುವುದಕ್ಕೆ ಮಲ್ಲಿಕಾ ಸಿಕ್ಕರೆ ಬಿಡಬೇಡಿ, ನಾರಿಲ್ಲ, ಹೋಳು ಮುರಿಯುವುದಿಲ್ಲ. ಇನ್ನು ತಿರುಳನ್ನು ಹಸಿಯಾಗಿ ಹಾಕಬೇಡಿ. ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಮೊದಲು ಅದು ಪುಟ ಪುಟ ಅಂತ ಸಿಡಿಯುತ್ತದೆ, ಕೈಗೆ ಹಾರದಂತೆ ಉದ್ದ ಹಿಡಿಯ ಸೌಟು ತೆಗೆದುಕೊಳ್ಳಿ. ಆಮೇಲೆ ಸಿಡಿಯುವುದು ಕಮ್ಮಿಯಾಗಿ ಬಣ್ಣ ಗಾಢವಾಗುತ್ತದೆ. ಸೌಟಿನಿಂದ ನೀರಿನಂತೆ ಸುರಿಯದೆ ಮುದ್ದೆ ಮುದ್ದೆಯಾಗಿ ಬಿದ್ದರೆ ಇಳಿಸಿ. ಹೀಗೆ ಕಾಯಿಸಿದ್ದು ಫ್ರಿಜ್ಜಿನಲ್ಲಿ ಮೂರು ದಿನ ಆರಾಮಾಗಿ ಇರುತ್ತದೆ, ಮೊಸರಿನ ಜೊತೆ ಸೇರಿದರೂ ನೀರು ಬಿಡುವುದಿಲ್ಲ.

ಮೊಸರಿನ ವಿಷಯಕ್ಕೆ ಬರೋಣ. ಎರಡು ಲೀಟರ್ ಗಟ್ಟಿ ಮೊಸರನ್ನು ತೆಳು ಪಂಚೆ ಬಟ್ಟೆಯಲ್ಲಿ ಕಟ್ಟಿದರೆ ಒಂದು ಕೆಜಿಗಿಂತ ಸ್ವಲ್ಪ ಕಮ್ಮಿ ಸಿಗುತ್ತದೆ. ಬೇಸಿಗೆಯಲ್ಲಿ ನಲ್ಲಿಗೆ ನೇತು ಹಾಕಬೇಡಿ, ನೀರಿಳಿಯುವಷ್ಟರಲ್ಲಿ ಹುಳಿ ಬಂದುಬಿಡುತ್ತದೆ. ಜರಡಿಯಲ್ಲಿಟ್ಟು, ಅದರ ಕೆಳಗೊಂದು ಪಾತ್ರೆ ಇಟ್ಟು, ಫ್ರಿಜ್ಜಿನಲ್ಲೇ ರಾತ್ರಿಯಿಡೀ ಬಿಡಿ. ಕೆಳಗೆ ಇಳಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಮೆತ್ತಗೆ ಬರುತ್ತದೆ. ಸಕ್ಕರೆ ಪುಡಿ ಸೇರಿಸಿದಾಗ ಮೊಸರು ಮತ್ತೆ ಸ್ವಲ್ಪ ಸಡಿಲವಾಗುತ್ತದೆ, ಅದಕ್ಕೇ ಕಟ್ಟುವಾಗ ಬೇಕಾದ್ದಕ್ಕಿಂತ ಒಂದು ಕೈ ಗಟ್ಟಿಯಾಗಿಯೇ ಇರಲಿ. ಏಲಕ್ಕಿ, ಕೇಸರಿ ಹಾಕುವುದಾದರೆ ಹಿಂದಿನ ದಿನವೇ ಹಾಕಿ. ರಾತ್ರಿ ಕಳೆದ ಮೇಲೆ ಅದರ ಘಮ ಒಳಗೆಲ್ಲ ಇಳಿದು ಬೇರೆಯದೇ ರುಚಿ ಬರುತ್ತದೆ.

ಪೇಟೆಯ ಬಿಸ್ಕೆಟ್ ಪುಡಿ ಬದಲು ನಾನು ತಳಕ್ಕೆ ಹಾಕುವುದು ರಾಗಿ ಹುರಿಹಿಟ್ಟು. ಇದನ್ನು ದಯವಿಟ್ಟು ಒಮ್ಮೆ ಮಾಡಿ ನೋಡಿ. ನಮ್ಮ ಮನೆಯಲ್ಲೇ ಇರುವ ಪದಾರ್ಥ, ಮಕ್ಕಳಿಗೂ ಒಳ್ಳೆಯದು, ಮಾವಿನ ಜೊತೆ ಅದರ ಹುರಿದ ಘಮ ಎಷ್ಟು ಚೆನ್ನಾಗಿ ಕೂಡುತ್ತದೆ ಅಂದರೆ ಹೇಳಿದರೆ ಗೊತ್ತಾಗುವುದಿಲ್ಲ. ಆದರೆ ಒಣ ಹುರಿಹಿಟ್ಟಿನ ಮೇಲೆ ಮೊಸರು ಹಾಕಿದರೆ ಬೆಳಗಾಗುವಷ್ಟರಲ್ಲಿ ಅಂಬಲಿ ಆಗಿರುತ್ತದೆ. ಹಾಗಾಗಿ ಹಿಟ್ಟಿಗೆ ಪುಡಿ ಬೆಲ್ಲ, ಸ್ವಲ್ಪ ಕೊಬ್ಬರಿ ತುರಿ ಸೇರಿಸಿ, ಕಾಯಿಸಿದ ತುಪ್ಪ ಚಮಚ ಚಮಚವಾಗಿ ಹಾಕುತ್ತಾ ಬೆರಳಲ್ಲಿ ಉಜ್ಜಿ. ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಅದನ್ನು ಕಪ್ಪಿನ ತಳಕ್ಕೆ ಚಮಚದ ಬೆನ್ನಿನಿಂದ ಒತ್ತಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ತುಪ್ಪ ಹೆಪ್ಪುಗಟ್ಟಿ ಮೇಲಿನ ತೇವವನ್ನು ಕೆಳಗೆ ಬಿಡುವುದಿಲ್ಲ. ತಿನ್ನುವುದಕ್ಕೆ ಹತ್ತು ನಿಮಿಷ ಮೊದಲು ಹೊರಗೆ ತೆಗೆದಿಟ್ಟರೆ ಮತ್ತೆ ಮೆತ್ತಗಾಗುತ್ತದೆ.

ಗರಿಗರಿ ಇರಬೇಕಾದ್ದು ಏನಿದ್ದರೂ ಕೊಡುವ ಹೊತ್ತಿಗೇ. ಕಡ್ಲೆಕಾಯಿ ಬೀಜದ ಚಿಕ್ಕಿ ಕುಟ್ಟಿ ಉದುರಿಸುತ್ತೀರಾ, ಹುರಿದ ಗೋಡಂಬಿ ಹಾಕುತ್ತೀರಾ, ಎರಡೂ ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇರಲಿ. ಚಿಕ್ಕಿ ರಾತ್ರಿಯೇ ಹಾಕಿದರೆ ಪಾಕ ಕರಗಿ ಮೊಸರಿನ ಮೇಲೆ ಕಂದು ನೀರು ಹರಿಯುತ್ತದೆ. ಬಾಳೆಹಣ್ಣು, ಸೇಬು ಹೆಚ್ಚಿ ಇಡುವುದೂ ಬೇಡ, ಕಪ್ಪಾಗುತ್ತವೆ. ದಾಳಿಂಬೆ ಪರವಾಗಿಲ್ಲ.

ರಸವನ್ನು ಜೆಲ್ಲಿಯಂತೆ ಗಟ್ಟಿ ಮಾಡುವ ಚೈನಾ ಗ್ರಾಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಇದು ಸಮುದ್ರದ ಪಾಚಿಯಿಂದ ಬರುವುದು, ಜೆಲಟಿನ್‌ನಂತೆ ಪ್ರಾಣಿಯದ್ದಲ್ಲ, ಹಾಗಾಗಿ ಪೂಜೆ ಇರುವ ಮನೆಯಲ್ಲೂ ಸಂಕೋಚ ಇಲ್ಲ. ಇನ್ನೊಂದು ಅನುಕೂಲ, ಒಮ್ಮೆ ಗಟ್ಟಿಯಾದರೆ ನಮ್ಮ ಬೇಸಿಗೆ ಸೆಕೆಗೂ ಕರಗುವುದಿಲ್ಲ. ಒಂದು ಲೀಟರ್‌ಗೆ 10 ಗ್ರಾಂ ಪ್ಯಾಕೆಟ್ ಒಂದು. ಕತ್ತರಿಸಿ ಅರ್ಧ ಗಂಟೆ ನೆನೆಸಿ, ಒಂದು ಎಳೆಯೂ ಕಾಣದಂತೆ ಕುದಿಸಿ. ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿ ಸಿಕ್ಕಿದಾಗ ಬೇಯಿಸಿ, ಕಿವುಚಿ, ಬೀಜ ಸಿಪ್ಪೆ ಸೋಸಿ ಆ ರಸದಲ್ಲಿ ಮಾಡಿ, ಎಂಥ ಬಣ್ಣ ಗೊತ್ತಾ! ಆದರೆ ಹುಳಿ ರಸದಲ್ಲೇ ಚೈನಾ ಗ್ರಾಸ್ ಕುದಿಸಿದರೆ ಸರಿಯಾಗಿ ಕಟ್ಟುವುದಿಲ್ಲ. ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ಇಳಿಸಿ, ಆಮೇಲೆ ಅರ್ಧ ಲೀಟರ್ ಬೆಚ್ಚಗಿನ ರಸ ಬೆರೆಸಿ. ರಸ ತಣ್ಣಗಿದ್ದರೆ ಗಂಟು ಗಂಟಾಗುತ್ತದೆ. ಒಂದರ ಮೇಲೊಂದು ಎರಡು ಬಣ್ಣ ಹಾಕುವುದಾದರೆ ಕೆಳಗಿನದನ್ನು ಬೆರಳಲ್ಲಿ ಮುಟ್ಟಿ ನೋಡಿ. ಮೇಲೆ ಅಂಟಂಟು ಇದ್ದು, ಒತ್ತಿದರೆ ಒಳಗೆ ಗಟ್ಟಿ ಅನ್ನಿಸಬೇಕು. ಆಗ ಮೇಲಿನದನ್ನು ಉಗುರು ಬೆಚ್ಚಗಿಂತ ಸ್ವಲ್ಪ ಬಿಸಿ ಇರುವಾಗ ಚಮಚದ ಬೆನ್ನಿನ ಮೇಲೆ ಮೆಲ್ಲಗೆ ಸುರಿಯಿರಿ. ಪೂರ್ತಿ ತಣ್ಣಗಾದ ಮೇಲೆ ಸುರಿದರೆ ಎರಡೂ ಕೂಡಿಕೊಳ್ಳುವುದಿಲ್ಲ, ಚಮಚ ಹಾಕಿದ ಕೂಡಲೇ ಜಾರುತ್ತವೆ.

ಕಸ್ಟರ್ಡ್ ಎಲ್ಲರಿಗೂ ಬರುತ್ತದೆ, ಒಂದೇ ಮಾತು ಹೇಳುತ್ತೇನೆ. ರುಚಿ ನೋಡಿದ ಚಮಚ ಮತ್ತೆ ಅದರೊಳಗೆ ಅದ್ದಬೇಡಿ. ಎಂಜಲು ಮಡಿ ಮೈಲಿಗೆಯ ಮಾತು ಆಮೇಲಿರಲಿ, ಉಗುಳಿನಲ್ಲಿ ಹಿಟ್ಟಿನಂಶ ಕರಗಿಸುವ ಗುಣವಿದೆ. ರಾತ್ರಿ ಗಟ್ಟಿಯಾಗಿದ್ದ ಕಸ್ಟರ್ಡ್ ಬೆಳಿಗ್ಗೆ ತೆಳ್ಳಗಾಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಬೇಗ ಗಟ್ಟಿಯಾಗಲಿ ಅಂತ ಫ್ರೀಜರ್‌ನಲ್ಲಿ ಇಟ್ಟರೂ ಆಮೇಲೆ ನೀರು ಒಡೆಯುತ್ತದೆ.

ಅನಾನಸ್ ಹಣ್ಣನ್ನು ಹಸಿಯಾಗಿ ಹಾಲು, ಮೊಸರು, ಕ್ರೀಮ್ ಯಾವುದಕ್ಕೂ ಸೇರಿಸಿ ಇಡಬೇಡಿ, ಕಹಿಯಾಗುತ್ತದೆ. ಸಕ್ಕರೆ ಹಾಕಿ ಚೆನ್ನಾಗಿ ಬೇಯಿಸಿದರೆ ಆ ತೊಂದರೆ ಇಲ್ಲ. ಬೆಲ್ಲವೂ ಅಷ್ಟೇ, ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ, ಎರಡೂ ಆರಿದ ಮೇಲೆ ಸೇರಿಸಿ. ಸಬ್ಬಕ್ಕಿ, ಶಾವಿಗೆ ಪದರ ಹಾಕುವ ಆಸೆ ಇದ್ದರೆ ನಿಮಗೆ ಸರಿ ಅನ್ನಿಸುವುದಕ್ಕಿಂತ ತೆಳ್ಳಗೆ ಮಾಡಿ, ರಾತ್ರಿಯೆಲ್ಲ ಹಾಲು ಹೀರಿ ಊದಿಕೊಳ್ಳುತ್ತವೆ. ಕೇಸರಿಬಾತು ಬೇಡವೇ ಬೇಡ, ಫ್ರಿಜ್ಜಿನಲ್ಲಿ ತುಪ್ಪ ಹೆಪ್ಪುಗಟ್ಟಿ ರವೆ ಗಡುಸಾಗುತ್ತದೆ.

ಕಪ್ ತುಂಬುವಾಗ ಕೈ ಅವಸರ ಮಾಡಬಾರದು. ಮೂತಿ ಇರುವ ಜಗ್ಗಿನಿಂದ ಸುರಿದರೆ ಅಂಚಿಗೆ ಮೆತ್ತುವುದಿಲ್ಲ. ಮೊಸರಿನಂಥ ಗಟ್ಟಿ ಪದಾರ್ಥಕ್ಕೆ ಹೊಸ ಪ್ಲಾಸ್ಟಿಕ್ ಕವರ್‌ನ ಮೂಲೆ ಕತ್ತರಿಸಿ ಮೆಹಂದಿ ಕೋನ್ ಹಿಡಿದಂತೆ ಒತ್ತಿ, ಮೊದಲು ಅಂಚಿನ ಸುತ್ತ, ಆಮೇಲೆ ನಡುವೆ. ಹೊರಗಿನಿಂದ ನೋಡಿದರೆ ಗೆರೆ ಎಳೆದಂತೆ ಕಾಣುತ್ತದೆ. ಪ್ರತಿ ಪದರ ಆದ ಮೇಲೆ ಕಪ್ಪನ್ನು ಮಡಿಸಿದ ಟವೆಲ್ ಮೇಲೆ ಒಮ್ಮೆ ಮೆಲ್ಲಗೆ ಕುಟ್ಟಿ, ಗುಳ್ಳೆ ಹೋಗುತ್ತದೆ.

ಕಾರ್ಯದ ಮನೆಯ ಫ್ರಿಜ್ಜು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ, ದೋಸೆ ಹಿಟ್ಟು, ಕೊತ್ತಂಬರಿ, ಅದರ ಮೇಲೆ ಮಲ್ಲಿಗೆ, ಕನಕಾಂಬರದ ಪೊಟ್ಟಣ. ಮೊಸರು, ಹಾಲು ಎಲ್ಲ ವಾಸನೆಯನ್ನೂ ಎಳೆದುಕೊಳ್ಳುತ್ತವೆ, ಮಲ್ಲಿಗೆ ವಾಸನೆಯ ಶ್ರೀಖಂಡ ಯಾರಿಗೆ ಬೇಕು? ಹೂವಿಗೆ ಒದ್ದೆ ಬಟ್ಟೆ ಸುತ್ತಿ ಹೊರಗಿಡಿ. ಎಷ್ಟು ಕಪ್ ಹಿಡಿಯುತ್ತದೆ ಅಂತ ಖಾಲಿ ಕಪ್ ಜೋಡಿಸಿ ಮೊದಲೇ ನೋಡಿಕೊಳ್ಳಿ. ಜಾಗ ಸಾಲದಿದ್ದರೆ ಪಕ್ಕದ ಮನೆಯವರನ್ನು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ, ಅವರಿಗೂ ನಾಲ್ಕು ಕಪ್ ಕೊಡಿ. ಕರೆಂಟ್ ಹೋದರೆ ಪದೇ ಪದೇ ಬಾಗಿಲು ತೆಗೆದು ನೋಡಬೇಡಿ, ಮುಚ್ಚಿದ್ದರೆ ಮೂರು ನಾಲ್ಕು ಗಂಟೆ ತಂಪು ಉಳಿಯುತ್ತದೆ.

ಛತ್ರಕ್ಕೆ ಒಯ್ಯುವುದಾದರೆ ಥರ್ಮೋಕೋಲ್ ಪೆಟ್ಟಿಗೆಯೇ ಆಗಬೇಕು. ತಳದಲ್ಲಿ ನೀರು ತುಂಬಿ ಗಡ್ಡೆ ಕಟ್ಟಿಸಿದ ಬಾಟಲಿಗಳು, ಅದರ ಮೇಲೆ ಒದ್ದೆ ಟವೆಲ್, ಅದರ ಮೇಲೆ ಕಪ್. ಟವೆಲ್ ಇದ್ದರೆ ರಸ್ತೆ ಹಳ್ಳದಲ್ಲೂ ಕಪ್ ಜಾರುವುದಿಲ್ಲ. ಹಾಲು ಮೊಸರಿನ ಸಿಹಿಯನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ, ಮೇ ತಿಂಗಳ ಬಿಸಿಲಿನಲ್ಲಿ ಒಂದೇ ಗಂಟೆ. ಎಲ್ಲ ಕಪ್ಪನ್ನೂ ಒಟ್ಟಿಗೆ ಮೇಜಿನ ಮೇಲೆ ಇಡಬೇಡಿ. ಒಂದು ಪಂಕ್ತಿಗೆ ಬೇಕಾದಷ್ಟು ಮಾತ್ರ ತೆಗೆದು, ಚಿಕ್ಕಿ ಉದುರಿಸಿ ಕಳಿಸಿ. ಸಕ್ಕರೆ ಕಾಯಿಲೆ ಇರುವ ದೊಡ್ಡವರಿಗೆ ಸಕ್ಕರೆ, ಬೆಲ್ಲ ಏನೂ ಹಾಕದ ಮೊಸರು, ಮೇಲೆ ಒಂದೆರಡು ಗೋಡಂಬಿ ಮಾತ್ರ ಹಾಕಿ ನಾಲ್ಕೈದು ಕಪ್ ಬೇರೆ ಮಾಡಿ, ಮುಚ್ಚಳಕ್ಕೆ ಕುಂಕುಮದ ಬೊಟ್ಟಿಟ್ಟು ಗುರುತು ಮಾಡಿ. ಉಳಿದ ಕಪ್ ಹೊರಗೆ ಬಂದಿರದಿದ್ದರೆ ಮಾರನೆಯ ದಿನ ಸಂಜೆಯವರೆಗೂ ತಿನ್ನಬಹುದು. ಹೊರಗೆ ಹೋಗಿ ಬಿಸಿಯಾಗಿ ವಾಪಸ್ ಬಂದದ್ದನ್ನು ಮಾತ್ರ ಮಕ್ಕಳಿಗೆ ಕೊಡಬೇಡಿ.