ಚೆನ್ನಾಗಿ ತಿನ್ನುತ್ತಲೇ ಸೊರಗಿದ ನಮ್ಮ ಬೆಕ್ಕಿನ ಚಿಕಿತ್ಸೆ

ನಮ್ಮ ಚಿನ್ನಿಗೆ 13 ವರ್ಷ ತುಂಬಿದಾಗ ಅವಳ ಹಸಿವು ಹೆಚ್ಚಿತು. ಊಟದ ಬಟ್ಟಲು ಖಾಲಿಯಾದ ಅರ್ಧ ಗಂಟೆಯೊಳಗೆ ಅಡುಗೆಮನೆಯ ಹೊಸ್ತಿಲಲ್ಲಿ ಮತ್ತೆ ಕೂಗುತ್ತಿದ್ದಳು, ನಡುರಾತ್ರಿ ಎದ್ದು ಮನೆಯೆಲ್ಲ ಅಲೆಯುತ್ತಿದ್ದಳು. ಈ ವಯಸ್ಸಿನಲ್ಲೂ ಇಷ್ಟು ಚುರುಕಾಗಿದ್ದಾಳೆಂದು ನಾನು ಸಂತೋಷಪಟ್ಟೆ. ಎತ್ತಿಕೊಂಡಾಗ ಬೆನ್ನುಮೂಳೆ ಕೈಗೆ ಸಿಗತೊಡಗಿದ ಮೇಲಷ್ಟೇ ತೂಕ ನೋಡಿದೆ. 4.2 ಕಿಲೋ ಇದ್ದವಳು 3.1ಕ್ಕೆ ಇಳಿದಿದ್ದಳು.

ಪಶುವೈದ್ಯೆ ಅವಳ ಕತ್ತನ್ನು ತಡವಿ, ಶ್ವಾಸನಾಳದ ಪಕ್ಕದಲ್ಲಿ ಹುಣಸೆಬೀಜದಷ್ಟು ದೊಡ್ಡ ಗಂಟೊಂದು ಬೆರಳಡಿಯಲ್ಲಿ ಜಾರುವುದನ್ನು ನನಗೂ ಮುಟ್ಟಿ ನೋಡಲು ಹೇಳಿದರು. ಎದೆಬಡಿತ ನಿಮಿಷಕ್ಕೆ 240 ಇತ್ತು. ಕತ್ತಿನ ಥೈರಾಯ್ಡ್ ಗ್ರಂಥಿ ಸ್ರವಿಸುವ, ಡೆಸಿಲೀಟರ್ ರಕ್ತಕ್ಕೆ ಸುಮಾರು 4 ಮೈಕ್ರೋಗ್ರಾಂ ಮೀರಬಾರದ ಟಿ4 ಹಾರ್ಮೋನು 9.6 ಇತ್ತು. ಆ ಗ್ರಂಥಿ ಗಂಟುಗಟ್ಟಿ ಹಾರ್ಮೋನನ್ನು ಅತಿಯಾಗಿ ಸುರಿಸುವ ಹೈಪರ್‌ಥೈರಾಯ್ಡಿಸಂ ಅವಳ ರೋಗವಾಗಿತ್ತು. ಬೆಕ್ಕುಗಳಲ್ಲಿ ಇಂಥ ಗಂಟು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ ಎಂದು ಅವರು ಹೇಳಿದಾಗ ಜೀವ ಬಂದಂತಾಯಿತು. ರೋಗವನ್ನು ಬೇರುಸಹಿತ ಕೀಳಬಲ್ಲ ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ನಮ್ಮ ಕೈಗೆಟುಕುವಂತಿರಲಿಲ್ಲ. ಅಷ್ಟು ವೇಗವಾಗಿ ಬಡಿಯುತ್ತಿದ್ದ ಹೃದಯಕ್ಕೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿಸಲು ಧೈರ್ಯವಾಗಲಿಲ್ಲ. ಹೀಗಾಗಿ ಮಾತ್ರೆಯನ್ನೇ ಆರಿಸಿಕೊಂಡೆವು.

ಮನುಷ್ಯರಿಗೆ ಕೊಡುವ 5 ಮಿಲಿಗ್ರಾಂ ಮೆಥಿಮಾಜೋಲ್ ಮಾತ್ರೆಯ ಅರ್ಧವನ್ನು ಬೆಳಿಗ್ಗೆ ಮತ್ತು ರಾತ್ರಿ ಕೊಡಬೇಕೆಂದು ವೈದ್ಯೆ ಬರೆದುಕೊಟ್ಟರು. ಅದರ ಪುಡಿ ನಮ್ಮ ಮೈಗೂ ಸೇರಬಾರದು, ಗರ್ಭಿಣಿಯರಂತೂ ಮುಟ್ಟಲೇಬಾರದು ಎಂದು ಎಚ್ಚರಿಸಿದ್ದರಿಂದ ಕೈಗವಸು ಹಾಕಿಕೊಂಡೇ ಮುರಿಯುತ್ತಿದ್ದೆ. ಚೂರನ್ನು ಬೇಯಿಸಿದ ಮೀನಿನ ತುಣುಕಿನಲ್ಲಿ ಅಡಗಿಸಿಟ್ಟು, ಹಸಿದಿರುವಾಗ ಮೊದಲ ತುತ್ತಾಗಿ ಕೊಟ್ಟರೆ ಅನುಮಾನವಿಲ್ಲದೆ ನುಂಗುತ್ತಿದ್ದಳು. ಮೊದಲ ವಾರ ಎರಡು ಸಲ ವಾಂತಿ ಮಾಡಿಕೊಂಡಳು. ಮುಖ ಕೆರೆದುಕೊಂಡು ಗಾಯ ಮಾಡಿಕೊಂಡರೆ, ಊಟ ಬಿಟ್ಟರೆ ಅಥವಾ ಕಣ್ಣು ಹಳದಿಯಾದರೆ ತಕ್ಷಣ ಮಾತ್ರೆ ನಿಲ್ಲಿಸಿ ಕರೆತರಬೇಕೆಂಬ ಸೂಚನೆ ಇತ್ತಾದರೂ ಅಂಥದ್ದೇನೂ ಆಗಲಿಲ್ಲ.

ನನಗೆ ನಿಜವಾಗಿ ಭಯವಾದದ್ದು ಮೂರನೆಯ ವಾರದ ರಕ್ತಪರೀಕ್ಷೆಯ ದಿನ. ಟಿ4 0.7ಕ್ಕೆ ಕುಸಿದಿತ್ತು, ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕಬೇಕಾದ, ಸ್ನಾಯುಗಳಿಂದ ಬರುವ ತ್ಯಾಜ್ಯವಾದ ಕ್ರಿಯಾಟಿನಿನ್ ಮೊದಲಿನ 1.4ರಿಂದ 2.4ಕ್ಕೆ ಏರಿತ್ತು. ಮಾತ್ರೆಯೇ ಮೂತ್ರಪಿಂಡವನ್ನು ಕೆಡಿಸಿತೆಂದು ನಾನು ಭಾವಿಸಿದೆ. ವೈದ್ಯೆ ತಾಳ್ಮೆಯಿಂದ ವಿವರಿಸಿದರು: ಹಾರ್ಮೋನು ಹೆಚ್ಚಿದಾಗ ಮೂತ್ರಪಿಂಡಕ್ಕೆ ರಕ್ತ ರಭಸದಿಂದ ಹರಿದು ಸೋಸುವಿಕೆ ಹೆಚ್ಚಾಗುತ್ತದೆ, ಸ್ನಾಯು ಕರಗಿದ್ದರಿಂದಲೂ ಕ್ರಿಯಾಟಿನಿನ್ ಕಡಿಮೆ ಕಾಣುತ್ತದೆ, ಹೀಗಾಗಿ ಮೊದಲೇ ಇದ್ದ ದೌರ್ಬಲ್ಯ ಮರೆಯಾಗಿರುತ್ತದೆ, ಆದರೆ ಟಿ4 ಅತಿಯಾಗಿ ಇಳಿದರೆ ಮೂತ್ರಪಿಂಡಕ್ಕೆ ನಿಜವಾದ ಪೆಟ್ಟು ಬೀಳುತ್ತದೆ. ಬೆಳಗಿನ ಪ್ರಮಾಣವನ್ನು ಕಾಲು ಮಾತ್ರೆಗೆ ಇಳಿಸಿದೆವು. ಮುಂದಿನ ಪರೀಕ್ಷೆಯಲ್ಲಿ ಟಿ4 1.9, ಕ್ರಿಯಾಟಿನಿನ್ 2.0 ಬಂತು. ರಕ್ತದೊತ್ತಡ 185 ಇದ್ದುದರಿಂದ 2.5 ಮಿಲಿಗ್ರಾಂ ಆಮ್ಲೋಡಿಪಿನ್ ಮಾತ್ರೆಯ ಕಾಲು ಭಾಗವೂ ದಿನಚರಿಗೆ ಸೇರಿತು. ಹಸಿವು ಮತ್ತು ತೂಕವನ್ನಷ್ಟೇ ನೋಡಿ ಮೆಥಿಮಾಜೋಲ್ ಮಾತ್ರೆಯ ಪ್ರಮಾಣವನ್ನು ಮನೆಯಲ್ಲೇ ಬದಲಿಸಬಾರದೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಇಷ್ಟಾದರೂ ಒಂದು ತಪ್ಪು ಮಾಡಿದೆ. ಐದನೆಯ ತಿಂಗಳಲ್ಲಿ ತೂಕ 3.9ಕ್ಕೆ ಬಂದು, ಕೂದಲು ಮತ್ತೆ ಮಿನುಗತೊಡಗಿದಾಗ, ಗುಣವಾಯಿತೆಂದು ನಂಬಿ ಮಾತ್ರೆ ನಿಲ್ಲಿಸಿದೆ. ಮೆಥಿಮಾಜೋಲ್ ಹಾರ್ಮೋನಿನ ತಯಾರಿಕೆಯನ್ನು ತಡೆಯುತ್ತದೆಯೇ ಹೊರತು ಗಂಟನ್ನು ಕರಗಿಸುವುದಿಲ್ಲ. ಮೂರು ವಾರದಲ್ಲಿ ಅವಳು 300 ಗ್ರಾಂ ಕಳೆದುಕೊಂಡಳು. ಆ ತೂಕ ಮರಳಲು ಎರಡು ತಿಂಗಳು ಹಿಡಿಯಿತು.

ಈಗ ಅವಳಿಗೆ 15 ವರ್ಷ. ಶಿಶುಗಳನ್ನು ತೂಗುವ ತಕ್ಕಡಿಯಲ್ಲಿ ಪ್ರತಿ ಭಾನುವಾರ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಮೂರು ತಿಂಗಳಿಗೊಮ್ಮೆ ಟಿ4, ಕ್ರಿಯಾಟಿನಿನ್, ರಕ್ತಕಣಗಳು ಮತ್ತು ರಕ್ತದೊತ್ತಡದ ಪರೀಕ್ಷೆಯಾಗುತ್ತದೆ. ರಾತ್ರಿ ಅವಳ ಕೂಗು ಕೇಳಿದರೆ, ಮರುದಿನ ಭಾನುವಾರವಲ್ಲದಿದ್ದರೂ ಬೆಳಿಗ್ಗೆ ಊಟಕ್ಕೆ ಮೊದಲು ತೂಗುತ್ತೇನೆ.